ಮೀಂಜದ ಮರುಭೂಮಿ

“ಇಲ್ಲಿ ಮಳೆ ಬೀಳದೆ ಏಳು ವರ್ಷ ಆಯಿತು ಸರ್.”

ಮೋಹಿನಿ ಈ ಮಾತು ಹೇಳಿದ್ದು ಕಾಸರಗೋಡು ಜಿಲ್ಲೆಯ ಮೀಂಜದಲ್ಲಿ. ಜೂನ್‌ನಲ್ಲಿ ಒಗೆದು ಹಾಕಿದ ಮಗುವಿನ ಅಂಗಿ ಒಣಗುವಷ್ಟರಲ್ಲಿ ಮಗುವಿಗೆ ಮೀಸೆ ಬಂದಿರುವ ಊರದು. ಹೇಳುವಾಗ ಅವಳ ರೆಪ್ಪೆ ಅಲುಗಲಿಲ್ಲ. ಕಂಕುಳಲ್ಲಿದ್ದ ಕೊಡೆ ಮಾತ್ರ ಒಂದಿಷ್ಟು ಜಾರಿತು.

ಎದುರಿಗೆ ನಿಂತಿದ್ದವನು ಸಿನಿಮಾ ನಿರ್ದೇಶಕ ಈಶ್ವರಪ್ರಸಾದ. ಇದು ಅವನ ಮೊದಲ ಚಿತ್ರ. ಮರುಭೂಮಿಯಲ್ಲಿ ದಾರಿ ತಪ್ಪಿದ ಐವರ ಭಯಾನಕ ಕಥೆ. ಮರುಭೂಮಿಯಂಥ ಜಾಗ ಬೇಕು ಎಂದು ಅವನು ಫೋನಿನಲ್ಲಿ ಹಾಕಿದ ಜಾಹೀರಾತಿಗೆ ಮೋಹಿನಿ ಹನ್ನೊಂದು ಫೋಟೋ ಕಳಿಸಿದ್ದಳು.

ಮೋಹಿನಿ ಉಪ್ಪಳದ ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಮಾಡುವವಳು. ಅತ್ತು ಅತ್ತು ಕಣ್ಣು ಊದಿಸಿಕೊಂಡ ಮದುಮಗಳನ್ನೂ ಕಂಪ್ಯೂಟರಿನಲ್ಲಿ ನಗಿಸಿದ ಕೈ ಅದು. ಆ ಕೈಗೆ ಫೋಟೋದ ಮೂಲೆಯಲ್ಲಿದ್ದ ನಾಲ್ಕು ತೆಂಗಿನಮರ, ಒಂದು ಹಟ್ಟಿ, ಎರಡು ದನ ಅಳಿಸುವುದು ಯಾವ ಲೆಕ್ಕ?

“ಏಳು ವರ್ಷ?” ಎಂದ ಅವನು ನಿಧಾನವಾಗಿ.

“ಏಳೂವರೆ. ಅರ್ಧ ನಾನೇ ಬಿಟ್ಟೆ. ದೊಡ್ಡದು ಮಾಡಿ ಹೇಳುವುದು ನನಗೆ ಆಗುವುದಿಲ್ಲ.”

“ಹಾಗಾದರೆ ಆ ಕೊಡೆ?”

“ಇದು ಬಿಸಿಲಿಗೆ. ಇಲ್ಲಿಯ ಬಿಸಿಲು ಎಂತದ್ದು ಅಂತ ನಿಮಗೆ ಗೊತ್ತಿಲ್ಲ ಸರ್. ಹೋದ ವಾರ ಒಂದು ಕಾಗೆ ಹಾರುತ್ತಾ ಹಾರುತ್ತಾ ಹುರಿದು ಬಿತ್ತು. ಉಪ್ಪು ಹಾಕಿದರೆ ಊಟಕ್ಕೆ ಆಗುತ್ತಿತ್ತು.”

ಅವನು ನಗಲಿಲ್ಲ. ಕಲ್ಲು ಕೊಯ್ದು ಬಿಟ್ಟ ಕೋರೆಯ ಗೋಡೆಯನ್ನು ನೋಡುತ್ತಿದ್ದ. ಅಲ್ಲಿ ಕಳೆದ ಮಳೆಗಾಲದ ಪಾಚಿ ಒಣಗಿ ಕಪ್ಪಾಗಿ, ಸಾಕ್ಷಿ ಹೇಳಲು ಬಂದವರ ಹಾಗೆ ಸಾಲಾಗಿ ಅಂಟಿಕೊಂಡಿತ್ತು.

ಆಮೇಲೆ ಅವನು ಎರಡು ಕೈಗಳ ಬೆರಳಿನಿಂದ ಒಂದು ಚೌಕ ಮಾಡಿ, ಅದರೊಳಗೆ ಪದವು ಎನ್ನುವ ಆ ಬೋಳು ಕಲ್ಲುಬಯಲನ್ನು ನೋಡುತ್ತಾ ಹಿಂದೆ ಹಿಂದೆ ಹೆಜ್ಜೆಯಿಟ್ಟ. ಮತ್ತೊಂದು ಹೆಜ್ಜೆ… ಇನ್ನೊಂದು…

ಮೋಹಿನಿ ಹಾರಿ ಅವನ ಅಂಗಿ ಹಿಡಿದು ಎಳೆದಳು. ಎರಡು ಗುಂಡಿ ಕಿತ್ತುಬಂದವು. ಇಬ್ಬರೂ ಕೆಂಪು ಹುಡಿಯಲ್ಲಿ ಬಿದ್ದರು. ಅವನ ಹಿಮ್ಮಡಿಯಿದ್ದ ಕಡೆಯಿಂದ ಒಂದು ಕಲ್ಲು ಉರುಳಿ, ಕೆಳಗೆ ಎಲ್ಲೋ ಸದ್ದು ಮಾಡಿತು. ಇಪ್ಪತ್ತಡಿ ಆಳ. ಮೋಹಿನಿಯ ಅಳತೆಯಲ್ಲಿ ಇನ್ನೂರು.

“ಬಿದ್ದಿದ್ದರೆ?” ಅವನ ಉಸಿರು ಅವಳ ಕೆನ್ನೆಗೆ ತಾಗುತ್ತಿತ್ತು.

“ಅರ್ಧ ದಾರಿಯಲ್ಲಿ ನಿಮಗೆ ಹಸಿವಾಗುತ್ತಿತ್ತು. ಅಷ್ಟು ಆಳ.”

ಈಗ ಅವನು ನಕ್ಕ. ಆ ನಗು ಅವಳ ಎದೆಯ ಯಾವ ಮೂಲೆಗೆ ಹೋಗಿ ಕುಳಿತಿತೋ… ‘ಎಂತ ಆಯಿತು ನನಗೆ? ಬೀಳುವುದರಲ್ಲಿ ಇದ್ದದ್ದು ಅವರು, ನಾನಲ್ಲ ತಾನೇ?’

ಅವನು ಎದ್ದು, ಅಂಗಿ ಕೊಡವಿಕೊಂಡು, ಕೋರೆಗೆ ಇಳಿದ. ಕಲ್ಲು ಕೊಯ್ದ ಗೋಡೆಯ ಮೇಲೆ ಅಂಗೈಯಿಟ್ಟು ಉದ್ದಕ್ಕೆ ಸವರಿದ.

“ಇದನ್ನು ಕೊಯ್ದವರು ಯಾರು?”

“ಯಾಕೆ ಸರ್?”

“ಒಂದು ಗೆರೆಯೂ ಓರೆಯಾಗಿಲ್ಲ. ದೇವಸ್ಥಾನದ ಗೋಡೆಯ ಹಾಗಿದೆ.”

ಮೋಹಿನಿಯ ಬಾಯಿ ಕಟ್ಟಿತು. ಇಪ್ಪತ್ತೇಳು ವರ್ಷಗಳಲ್ಲಿ ಅದು ಕಟ್ಟಿದ್ದು ಅದೇ ಮೊದಲು.

ಆ ಗೆರೆಗಳು ಅವಳ ಅಪ್ಪ ಪ್ರೇಮನಾಥರದ್ದು. ಉಪ್ಪಳದಲ್ಲಿ ಗಲ್ಫಿನ ದುಡಿಮೆಯಿಂದ ಎದ್ದ ಅರ್ಧದಷ್ಟು ಮನೆಗಳ ಕಲ್ಲು ಇಲ್ಲಿಂದ ಹೋದದ್ದು. ಕಲ್ಲು ಮುಗಿಯಿತು, ಅಪ್ಪನ ಮೊಣಕಾಲೂ ಮುಗಿಯಿತು, ಮೂರು ವರ್ಷದ ಹಿಂದೆ ಕೋರೆ ನಿಂತಿತು. ಆ ಕಲ್ಲಿನ ಮನೆಗಳಲ್ಲಿ ಮಲಗುವವರೇ ಈಗ ಈ ಜಾಗವನ್ನು ‘ಪ್ರೇಮನಾಥನ ಹೊಂಡ’ ಎನ್ನುತ್ತಿದ್ದರು. ಅಪ್ಪನನ್ನು ‘ಗುಡ್ಡೆ ತಿಂದವ’ ಎನ್ನುತ್ತಿದ್ದರು. ಅಪ್ಪ ಕೇಳಿಸಿಕೊಂಡೂ ಕೇಳದವರ ಹಾಗೆ ಜಗಲಿಯಲ್ಲಿ ಕುಳಿತಿರುತ್ತಿದ್ದರು.

ಯಾರಾದರೂ ಒಬ್ಬರು ಇಲ್ಲಿ ನಿಂತು ‘ಚಂದ’ ಎನ್ನಬೇಕು. ಅಷ್ಟಕ್ಕಾಗಿ ಅವಳು ಆ ಫೋಟೋ ಕಳಿಸಿದ್ದು. ಈಗ ಒಬ್ಬ ಹೇಳಿಬಿಟ್ಟಿದ್ದ. ಅಲ್ಲಿಗೆ ಕೆಲಸ ಮುಗಿಯಬೇಕಿತ್ತು. ಆದರೆ ಅವನು ಹೊರಟು ಹೋಗುವ ದಾರಿಗೆ ಅವಳು ತನಗೆ ತಿಳಿಯದೆಯೇ ಅಡ್ಡ ನಿಂತಿದ್ದಳು.

“ನಿರ್ಮಾಪಕರು ರಾಜಸ್ಥಾನಕ್ಕೆ ಹೋಗಿ ಎನ್ನುತ್ತಿದ್ದಾರೆ,” ಎಂದ ಅವನು. “ಅಲ್ಲಿ ನಿಜವಾದ ಮರುಭೂಮಿ ಇದೆ.”

“ಅಲ್ಲಿಗೆ ಎಲ್ಲರೂ ಹೋಗುತ್ತಾರೆ. ಇದಕ್ಕೆ ಮಲಯಾಳದ ಮೂರು ಸಿನಿಮಾದವರು ಕೇಳಿ ಆಗಿದೆ. ನಾಳೆ ಬೆಳಗ್ಗೆ ಉತ್ತರ ಕೊಡಬೇಕು.”

“ಮೂರು?”

“ನಾಲ್ಕನೆಯವರ ಫೋನ್ ನಾನು ಎತ್ತಲಿಲ್ಲ.”

“ಮಧ್ಯದಲ್ಲಿ ಮಳೆ ಬಂದು ಒಂದು ದಿನ ನಿಂತರೂ ಅವರು ಚಿತ್ರವನ್ನೇ ನಿಲ್ಲಿಸುತ್ತಾರೆ, ಮೋಹಿನಿಯವರೇ. ನನಗೆ ಇನ್ನೊಂದು ಅವಕಾಶ ಇಲ್ಲ.”

ಆಗಲೇ ಅವಳು ನಿಜ ಹೇಳಬಹುದಿತ್ತು.

“ಪತ್ತನಾಜೆಯವರೆಗೆ ಒಂದು ಹನಿ ಬೀಳುವುದಿಲ್ಲ,” ಎಂದಳು. “ಬಿದ್ದರೆ ನನ್ನ ಹೆಸರು ಬದಲಿಸಿ.”

ಪತ್ತನಾಜೆ ಮೇ ತಿಂಗಳ ಕೊನೆಗೆ ಬರುತ್ತದೆ. ಅಂದು ಸಂಜೆ ಯಕ್ಷಗಾನ ಮೇಳದವರು ದೇವರೆದುರು ಗೆಜ್ಜೆ ಬಿಚ್ಚಿಟ್ಟರೆ ಮತ್ತೆ ಕಟ್ಟುವುದು ದೀಪಾವಳಿ ಕಳೆದ ಮೇಲೆ. ಅಲ್ಲಿಂದ ಮುಂದೆ ಊರು ಮಳೆಯ ಕೈಗೆ. ಅದಕ್ಕೂ ಮೊದಲು ಮಳೆ ಬರಕೂಡದೆಂದು ಮಳೆಗೆ ಯಾರೂ ಹೇಳಿರಲಿಲ್ಲ. ಆದರೆ ಈ ಕಡೆಯವರು ಹಾಗೆಯೇ ನಂಬಿ ಮದುವೆ ಚಪ್ಪರ ಹಾಕುತ್ತಾರೆ, ಮನೆಯ ಹೆಂಚು ತೆಗೆಯುತ್ತಾರೆ. ಮೋಹಿನಿ ಒಂದು ಸಿನಿಮಾವನ್ನೇ ಅದರ ಮೇಲೆ ನಿಲ್ಲಿಸಿದಳು.

ಅವನು ತಲೆಯಾಡಿಸಿದ.

“ಸರಿ. ಇಲ್ಲೇ ಮಾಡೋಣ.”

*

ಏಪ್ರಿಲ್ ನಡುವಿಗೆ ಚಿತ್ರೀಕರಣ ಶುರುವಾಯಿತು. ತಂಡದಲ್ಲಿ ಇದ್ದದ್ದು ಹದಿನಾಲ್ಕು ಜನ. ಸ್ಟುಡಿಯೋದಲ್ಲಿ ಮೋಹಿನಿ ಹೇಳಿದ್ದು ನೂರ ನಲವತ್ತು, ಮತ್ತೆ ಎರಡು ಹೆಲಿಕಾಪ್ಟರ್.

ಅವಳು ರಜೆ ಹಾಕಿ ಪದವಿನಲ್ಲೇ ಉಳಿದಳು. ಯಂತ್ರ ಕಲ್ಲು ಕೊಯ್ದಾಗ ಉದುರಿದ ಕೆಂಪು ಹುಡಿಯ ರಾಶಿ ಕೋರೆಯ ಪಕ್ಕದಲ್ಲಿ ಮನೆಯೆತ್ತರಕ್ಕೆ ಬಿದ್ದಿತ್ತು. ಅದನ್ನು ತಂದು ನೆಲಕ್ಕೆ ಹರಡಿದ್ದೂ, ಗಾಳಿ ಹಾಯ್ದ ಹಾಗೆ ಅದರಲ್ಲಿ ಅಲೆ ಎಬ್ಬಿಸಿದ್ದೂ ಅವಳೇ. ಅಲೆ ಎಬ್ಬಿಸಲು ಹಿಡಿಸೂಡಿಗಿಂತ ಒಳ್ಳೆಯ ಯಂತ್ರ ಇಲ್ಲವೆಂದು ಅವಳು ಹೇಳಿದಾಗ ಎಲ್ಲರೂ ನಕ್ಕರು. ಅಂಗಳ ಗುಡಿಸುವ ಆ ತೆಂಗಿನ ಕಡ್ಡಿಯ ಪೊರಕೆಯಿಂದ ಅವಳು ಅರ್ಧ ಗಂಟೆಯಲ್ಲಿ ಅರೇಬಿಯವನ್ನು ಎಳೆದು ತಂದಾಗ ಯಾರೂ ನಗಲಿಲ್ಲ.

ಕಥೆ ಹೀಗಿತ್ತು. ಬಾಯಾರಿ ಸತ್ತ ಹೆಣ್ಣೊಬ್ಬಳು ಮರಳಿನ ಅಡಿಯಲ್ಲಿ ನಡೆಯುತ್ತಾಳೆ. ಅವಳು ಕಾಣುವುದಿಲ್ಲ, ಕಾಲಿನ ಗೆಜ್ಜೆ ಮಾತ್ರ ಕೇಳುತ್ತದೆ. ಗೆಜ್ಜೆಯ ಸದ್ದು ಯಾರ ಕಾಲಡಿಯಲ್ಲಿ ನಿಲ್ಲುತ್ತದೆಯೋ ಅವರು ಬೆಳಗ್ಗೆ ಇರುವುದಿಲ್ಲ.

ಸದ್ದಿಗಾಗಿ ಗೆಜ್ಜೆಯನ್ನು ಒಂದು ಮಡಕೆಯಲ್ಲಿಟ್ಟು, ಹುಡಿಯೊಳಗೆ ಹೂತು, ಹಗ್ಗ ಕಟ್ಟಿ ಎಳೆದರು. ಝಲ್… ಝಲ್… ನಡುಹಗಲಿನಲ್ಲೂ ಎಲ್ಲರ ಮೈ ಜುಮ್ಮೆಂದಿತು. ನಾಯಕಿಯ ಪಾತ್ರದ ಸುಪ್ರೀತಾ ಬೆವರೊರೆಸಿಕೊಂಡು, ಪಕ್ಕದಲ್ಲಿ ಎಳನೀರಿನ ಬೊಂಡ ಹಿಡಿದು ನಿಂತವಳನ್ನು ಕೇಳಿದಳು:

“ನಿಮ್ಮ ಹೆಸರೆಂತ?”

“ಮೋಹಿನಿ.”

ಸುಪ್ರೀತಾ ಮರುದಿನದಿಂದ ಅವಳ ಕಾಲು ನೋಡದೆ ಬೊಂಡ ಕುಡಿಯಲಿಲ್ಲ.

ಊಟದ ಹೊತ್ತಿಗೆ ಈಶ್ವರಪ್ರಸಾದ ಯಂತ್ರದ ಶೆಡ್ಡಿನ ನೆರಳಿಗೆ ಬರುತ್ತಿದ್ದ. ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ. ಅವನು ಊಟ ಮಾಡುತ್ತಿದ್ದ, ಇವಳು ಮಾತಾಡುತ್ತಿದ್ದಳು. ಅವನು ಬಾಯಿ ತೆರೆದರೆ ಅದು ಗಂಜಿಗೆ ಮಾತ್ರ.

“ನೀವು ಯಾವತ್ತಾದರೂ ಬಾಯಾರಿಕೆಯಿಂದ ಹೆದರಿದ್ದೀರಾ?” ಒಮ್ಮೆ ಕೇಳಿದ.

“ನಾನಾ? ಆರು ವರ್ಷದವಳಿದ್ದಾಗ ಈ ಪದವಿನಲ್ಲಿ ಒಂಬತ್ತು ದಿನ ಕಳೆದುಹೋಗಿದ್ದೆ. ನೀರಿಲ್ಲ. ನಾಲಗೆ ಕಲ್ಲಾಗಿತ್ತು. ಕೊನೆಗೆ ಎಂತ ಆಯಿತು ಗೊತ್ತುಂಟಾ? ನನ್ನ ನೆರಳೇ ನನ್ನನ್ನು ಬಿಟ್ಟು ನೀರು ಹುಡುಕಲಿಕ್ಕೆ ಹೋಯಿತು.”

ಅವನು ಗಂಜಿಯ ಬಟ್ಟಲು ಕೆಳಗಿಟ್ಟ. “ಇನ್ನೊಮ್ಮೆ ಹೇಳಿ.”

“ಯಾವುದು?”

“ನೆರಳಿನದ್ದು.”

ಎರಡು ದಿನ ಕಳೆದು ಸುಪ್ರೀತಾ ಕ್ಯಾಮೆರಾದ ಎದುರು, ಒಡೆದ ತುಟಿಯಲ್ಲಿ, ಪಿಸುದನಿಯಲ್ಲಿ ಅದನ್ನೇ ಹೇಳಿದಳು: “ನನ್ನ ನೆರಳೇ ನನ್ನನ್ನು ಬಿಟ್ಟು ನೀರು ಹುಡುಕಲು ಹೋಗಿದೆ…”

ಮೋಹಿನಿ ಹಿಂದೆ ನಿಂತು ಕೇಳಿದಳು. ಅವಳ ಬಾಯಿಂದ ಬಂದದ್ದು ಯಾವುದೂ ಇಷ್ಟು ದೂರ ಹೋಗಿರಲಿಲ್ಲ. ಹೆಮ್ಮೆಯಿಂದ ಅವಳು ಒಂದು ಗೇಣು ಎತ್ತರವಾದಳು. ಇದು ಉತ್ಪ್ರೇಕ್ಷೆ ಅಲ್ಲ, ಆ ದಿನ ಅವಳ ಚೂಡಿದಾರ ನಿಜವಾಗಿಯೂ ಗಿಡ್ಡವಾಗಿತ್ತು.

ಆದರೆ ಒಳಗೆ ಒಂದು ಮುಳ್ಳೂ ಚುಚ್ಚಿತು. ‘ಇವರು ನಾನು ಹೇಳಿದ್ದನ್ನೆಲ್ಲ ನಂಬುತ್ತಾರೆ. ಮಳೆಯದ್ದನ್ನೂ ನಂಬಿದ್ದಾರೆ…’

ಅಂದಿನಿಂದ ಅವಳು ಆಕಾಶ ನೋಡಲು ಶುರುಮಾಡಿದಳು.

*

ಉಳಿದದ್ದು ಕೊನೆಯ ದೃಶ್ಯ. ಮರಳಿನ ಅಡಿಯಲ್ಲಿದ್ದವಳು ಮೇಲೆದ್ದು ಬಂದು ಕುಣಿಯಬೇಕು. ಆ ಪಾತ್ರಕ್ಕೆ ಬಂದವರು ಚೆನ್ನಯ್ಯ. ನಲವತ್ತು ವರ್ಷದಿಂದ ಯಕ್ಷಗಾನ ಮೇಳದಲ್ಲಿ ರಕ್ಕಸಿಯ ವೇಷ ಕಟ್ಟಿದವರು. ಪ್ರತಿ ರಾತ್ರಿ ಆಟವಿದ್ದ ಕಾರಣ ಅವರಿಗೆ ಬಿಡುವು ಸಿಕ್ಕಿದ್ದು ಕೊನೆಯ ಎರಡು ಹಗಲು. ಪತ್ತನಾಜೆಯ ಹಿಂದಿನ ದಿನ, ಮತ್ತೆ ಪತ್ತನಾಜೆಯ ಹಗಲು.

“ಪತ್ತನಾಜೆಯ ದಿನ ಐದು ಗಂಟೆಗೆ ನಾನು ಇಲ್ಲಿಂದ ಹೊರಡಬೇಕು,” ಎಂದು ಬಂದ ಕೂಡಲೇ ಹೇಳಿದರು. “ಆರಕ್ಕೆ ದೇವರೆದುರು ಗೆಜ್ಜೆ ಬಿಚ್ಚುವುದು. ಬಿಚ್ಚಿದ ಮೇಲೆ ಯಾರು ಹೇಳಿದರೂ ಕಟ್ಟುವವ ನಾನಲ್ಲ. ನನ್ನ ಗುರುಗಳು ಕಟ್ಟಿಲ್ಲ, ನಾನೂ ಕಟ್ಟುವುದಿಲ್ಲ.”

“ಅಷ್ಟರೊಳಗೆ ಮುಗಿಸುತ್ತೇವೆ,” ಎಂದ ಈಶ್ವರಪ್ರಸಾದ.

ಮೊದಲ ಹಗಲು ಮಧ್ಯಾಹ್ನದವರೆಗೆ ಅಭ್ಯಾಸ ನಡೆಯಿತು. ನಾಳೆಯ ವಿವರ ನೋಡಲೆಂದು ಮೋಹಿನಿ ಶೆಡ್ಡಿನ ಮೇಜಿನ ಮೇಲಿದ್ದ ಅವನ ಕಡತ ಬಿಡಿಸಿದಳು. ಒಂದು ಹಾಳೆಯ ತಲೆಯಲ್ಲಿ ಬರೆದಿತ್ತು: ‘ಮಳೆ ಬಂದರೆ.’

ಅದರ ಕೆಳಗೆ: ‘ಚಿತ್ರೀಕರಣ ನಿಲ್ಲಿಸುವುದು. ರಾಜಸ್ಥಾನ.’

ತಾರೀಕು ನೋಡಿದಳು. ಏಪ್ರಿಲ್ ತಿಂಗಳದ್ದು. ಚಿತ್ರೀಕರಣದ ಮೊದಲ ದಿನದ್ದು.

ಅವಳ ಕಿವಿ ಬಿಸಿಯಾಯಿತು. ಅವನು ಒಳಗೆ ಬಂದಾಗ ಹಾಳೆ ಅವಳ ಕೈಯಲ್ಲೇ ಇತ್ತು.

“ನೀವು ನನ್ನನ್ನು ನಂಬಿದ್ದೇ ಇಲ್ಲ.”

ಅವನು ಹಾಳೆ ನೋಡಿದ, ಅವಳನ್ನು ನೋಡಿದ. “ಮಳೆಯ ವಿಷಯದಲ್ಲಿ… ಇಲ್ಲ.”

“ಒಂಬತ್ತು ದಿನ ಕಳೆದುಹೋದದ್ದು?”

“ಅದೂ ಇಲ್ಲ.”

“ಕಾಗೆ?”

“ಮೋಹಿನಿಯವರೇ, ಕಾಗೆಯನ್ನು ಯಾರು ನಂಬುತ್ತಾರೆ?”

“ಮತ್ತೆ ನಾನು ಹೇಳುವಾಗೆಲ್ಲ ತಲೆಯಾಡಿಸಿದ್ದು ಎಂತಕ್ಕೆ? ತಮಾಷೆ ನೋಡಲಿಕ್ಕಾ? ‘ಹಳ್ಳಿಯವಳು, ಬಾಯಿಗೆ ಬಂದದ್ದು ಹೇಳುತ್ತಾಳೆ, ಕೇಳಿ ನಗುವ’ ಅಂತವಾ?”

“ಹಾಗಲ್ಲ. ಒಂದು ನಿಮಿಷ ನಾನು ಹೇಳುವುದನ್ನು…”

“ಬೇಡ ಸರ್. ನೀವು ರಾಜಸ್ಥಾನಕ್ಕೇ ಹೋಗಿ. ಅಲ್ಲಿ ಸುಳ್ಳು ಹೇಳುವವರು ಇರಲಿಕ್ಕಿಲ್ಲ.”

ಅವಳು ಹಾಳೆಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು. ಗಂಟೆ ನಾಲ್ಕು. ಪೂರ್ವದಲ್ಲಿ ಮೋಡ ಕಪ್ಪಾಗಿ ಎದ್ದಿತ್ತು. ಅವಳು ಪದವಿನ ನಡುವಿಗೆ ಬರುವಷ್ಟರಲ್ಲಿ ಮೊದಲ ಹನಿ ಅವಳ ಹಣೆಗೇ ಬಿತ್ತು.

ಆಮೇಲೆ ಬಿದ್ದದ್ದು ಮಳೆಯಲ್ಲ. ಆಕಾಶದ ಬುಡವೇ ಕಳಚಿ ಬಿದ್ದಿತು. ಒಂದೂವರೆ ಗಂಟೆ. ನಲವತ್ತು ದಿನ ಹಿಡಿಸೂಡಿಯಲ್ಲಿ ಬಿಡಿಸಿದ ಮರಳಿನ ಅಲೆಗಳು ಅವಳ ಕಣ್ಣೆದುರೇ ಕರಗಿ, ಕೆಂಪು ನೀರಾಗಿ, ಕೋರೆಯ ತಳದಲ್ಲಿ ಕೆರೆಯಾಗಿ ನಿಂತವು. ಎಲ್ಲಿಂದಲೋ ಒಂದು ಕಪ್ಪೆ ಕೂಡ ಬಂತು.

‘ನನ್ನ ಮಾತಿನ ಮೇಲೆ ಇಲ್ಲಿಗೆ ಬಂದರು. ನನ್ನ ಮಾತಿನಿಂದಲೇ ಅವರ ಸಿನಿಮಾ ಮುಳುಗಿತು…’

ಕೋಪವನ್ನು ಆಮೇಲಕ್ಕೆ ಇಟ್ಟಳು. ಒದ್ದೆ ಬಟ್ಟೆಯಲ್ಲೇ ಅವಳು ಮನೆಯ ಜಗಲಿ ಹತ್ತಿದಳು. ಅಪ್ಪ ಮಳೆ ನೋಡುತ್ತಾ ಕುಳಿತಿದ್ದರು.

“ಅಪ್ಪ, ಕೋರೆಯಲ್ಲಿ ನೀರು ನಿಂತಿದೆ.”

“ಪಡುವಣ ಮೂಲೆಯಲ್ಲಿ ನೀರು ಹೋಗುವ ತೋಡು ಉಂಟು. ಮುಚ್ಚಿ ಹೋಗಿರಬೇಕು. ಬಿಡಿಸಿದರೆ ಎರಡು ಗಂಟೆಯಲ್ಲಿ ಬತ್ತುತ್ತದೆ. ಮುರಕಲ್ಲು ನೀರು ಕುಡಿಯುವ ಕಲ್ಲು ಮಗಾ.”

“ಹುಡಿ ಎಲ್ಲ ಕೆಸರಾಗಿದೆ.”

“ರಾಶಿಯ ಮೇಲೆ ಕೆಸರು. ಒಂದು ಗೇಣು ಕೆದಕಿ ನೋಡು. ಆರು ತಿಂಗಳ ಬಿಸಿಲು ಕುಡಿದ ರಾಶಿ ಅದು. ಒಂದು ಮಳೆಗೆ ಒಳಗಿನವರೆಗೆ ನೆನೆಯುತ್ತದಾ?” ಅಪ್ಪ ಮಗಳ ಕಡೆ ತಿರುಗಿ ಕೇಳಿದರು, “ಆ ನಿರ್ದೇಶಕರಿಗೆ ನಾಳೆಯೇ ಬೇಕಾ?”

“ನಾಳೆ ಐದು ಗಂಟೆಯೊಳಗೆ. ಇಲ್ಲದಿದ್ದರೆ ಅವರಿಗೆ ಮತ್ತೆ ಸಿನಿಮಾ ಇಲ್ಲ.”

ಪ್ರೇಮನಾಥರು ಮೂರು ವರ್ಷದಿಂದ ಯಾರ ಹತ್ತಿರವೂ ಏನನ್ನೂ ಕೇಳಿರಲಿಲ್ಲ. ಈಗ ಕೈ ಚಾಚಿದರು. “ಫೋನ್ ಕೊಡು. ಹಳೆಯ ಕೆಲಸದವರಿಗೆ ನಾನು ಹೇಳುತ್ತೇನೆ.”

*

ಬೆಳಗ್ಗೆ ಆರು ಗಂಟೆಗೆ ಈಶ್ವರಪ್ರಸಾದ ಪದವಿಗೆ ಬಂದಾಗ ಹನ್ನೊಂದು ಜನ ಹಾರೆ ಹಿಡಿದು ತೋಡು ಬಿಡಿಸುತ್ತಿದ್ದರು. ದಂಡೆಯ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಕುಳಿತ ಪ್ರೇಮನಾಥರು ಊರುಗೋಲನ್ನು ಸೇನಾಪತಿಯ ಹಾಗೆ ಬೀಸುತ್ತಾ ಕೂಗುತ್ತಿದ್ದರು:

“ಎಡಕ್ಕೆ ಮಾರಾಯ, ಎಡಕ್ಕೆ. ಇಪ್ಪತ್ತು ವರ್ಷ ಕೆಲಸ ಮಾಡಿದ್ದೀ, ಎಡ ಯಾವುದು ಗೊತ್ತಿಲ್ಲವಾ?”

ಮೊಣಕಾಲವರೆಗೆ ಕೆಸರಾದ ಮೋಹಿನಿ ಹುಡಿರಾಶಿಯ ಮೇಲೆ ನಿಂತು ಕೆಸರಿನ ಪದರ ಕೆತ್ತಿ ಹಾಕುತ್ತಿದ್ದಳು. ಅದರ ಕೆಳಗೆ ಹುಡಿ ಬಾಣಲೆಯಲ್ಲಿ ಹುರಿದಷ್ಟು ಒಣಗಿತ್ತು, ಮುಟ್ಟಿದರೆ ಬೆಚ್ಚಗೆ.

ಅವನು ಬಂದು ಕೆಳಗೆ ನಿಂತ. “ನಿರ್ಮಾಪಕರು ರಾತ್ರಿ ಫೋನ್ ಮಾಡಿದ್ದರು.”

ಅವಳ ಕೈ ನಿಂತಿತು. “ಎಂತ ಹೇಳಿದಿರಿ?”

“ಇಲ್ಲಿ ಮಳೆಯೇ ಬರುವುದಿಲ್ಲ ಎಂದೆ.”

ಅವಳಿಗೆ ನಗು ಬಂತು. ತಡೆದುಕೊಂಡಳು. ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ. “ಬುಟ್ಟಿ ಹಿಡಿಯಿರಿ,” ಎಂದಳು.

ಅವನು ಹಿಡಿದ. ಕ್ಯಾಮೆರಾದವರು, ಅಡುಗೆಯವರು, ಸುಪ್ರೀತಾ ಕೂಡ ಬಂದು ಸಾಲಿಗೆ ನಿಂತರು. ಹನ್ನೊಂದು ಗಂಟೆಗೆ ಕೆರೆ ಬತ್ತಿತು. ಎರಡು ಗಂಟೆಗೆ ಮುನ್ನೂರು ಬುಟ್ಟಿ ಹುಡಿ ನೆಲಕ್ಕೆ ಬಿತ್ತು. ಮೂರು ಗಂಟೆಗೆ ಮೋಹಿನಿ ಹಿಡಿಸೂಡಿ ಹಿಡಿದು ಹಿಂದೆ ಹಿಂದೆ ನಡೆಯುತ್ತಾ ಕೊನೆಯ ಅಲೆಯನ್ನು ಎಳೆದು, ತನ್ನ ಹೆಜ್ಜೆಗುರುತನ್ನೂ ಅಳಿಸಿ ಹೊರಗೆ ಬಂದಳು.

ಎದುರಿಗೆ ಮರುಭೂಮಿ ಇತ್ತು.

ಮೂರೂಮುಕ್ಕಾಲಿಗೆ ಚೆನ್ನಯ್ಯ ಅದರೊಳಗಿಂದ ಎದ್ದರು. ಮೊದಲು ಗೆಜ್ಜೆಯ ಸದ್ದು. ಆಮೇಲೆ ಒಂದು ಕೈ. ಆಮೇಲೆ, ಹುಡಿಯನ್ನು ಸೀಳಿಕೊಂಡು ಬಂದ ಆ ಮುಖ… ಅರವತ್ತು ವರ್ಷದ ಮನುಷ್ಯ ಅಲ್ಲಿ ಇರಲಿಲ್ಲ. ನೂರಾರು ವರ್ಷದ ಬಾಯಾರಿಕೆ ಕುಣಿಯುತ್ತಿತ್ತು. ಹುಡಿ ಮೋಡದ ಹಾಗೆ ಎದ್ದಿತು. ಮಳೆ ತೊಳೆದ ಬಿಸಿಲು ಓರೆಯಾಗಿ ಬಿದ್ದು, ಅಪ್ಪ ಕೊಯ್ದ ಗೋಡೆಗಳು ಸುಟ್ಟ ಕೋಟೆಯ ಹಾಗೆ ಹಿಂದೆ ನಿಂತವು. ನಿನ್ನೆ ಇಂಥ ಬೆಳಕು ಇರಲಿಲ್ಲ. ಅಷ್ಟು ದಿನವೂ ಇರಲಿಲ್ಲ.

“ಕಟ್,” ಎನ್ನುವಾಗ ಈಶ್ವರಪ್ರಸಾದನ ದನಿ ಒಡೆದಿತ್ತು.

ಗಂಟೆ ನಾಲ್ಕು ಐವತ್ತು. ಚೆನ್ನಯ್ಯ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಪಿಕಪ್ ಹತ್ತಿದರು. “ಇಷ್ಟು ಒಳ್ಳೆಯ ರಂಗಸ್ಥಳದಲ್ಲಿ ಕುಣಿದು ಬಹಳ ಕಾಲ ಆಯಿತು ಪ್ರೇಮನಾಥರೇ,” ಎಂದು ಹೇಳಿಯೇ ಹೊರಟರು.

ಈಶ್ವರಪ್ರಸಾದ ಕುರ್ಚಿಯ ಬಳಿ ಬಂದು ಮಂಡಿಯೂರಿದ. “ಚಿತ್ರದ ಆರಂಭದಲ್ಲಿ ಹೆಸರುಗಳು ಬರುತ್ತವೆ. ‘ಮರುಭೂಮಿ ಕಡೆದವರು: ಪ್ರೇಮನಾಥ, ಮೀಂಜ’ ಎಂದು ಹಾಕುತ್ತೇನೆ. ಆಗಬಹುದೇ?”

ಪ್ರೇಮನಾಥರು ಊರುಗೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡರು.

“ದೊಡ್ಡ ಅಕ್ಷರದಲ್ಲಿ ಹಾಕಿ,” ಎಂದರು. “ಉಪ್ಪಳದವರಿಗೆ ಕಾಣಬೇಕು.” ಬೇರೆ ಕಡೆ ತಿರುಗಿ, ಕೆನ್ನೆಯ ಮೇಲಿನ ಹುಡಿಯನ್ನು ಒರೆಸಿಕೊಂಡರು. ಹುಡಿಯನ್ನೇ ಎಂದು ಮೋಹಿನಿ ಎಲ್ಲರಿಗೂ ಹೇಳಿದಳು.

*

ಮತ್ತೆ ಮೋಡ ಕೂಡಿತು. ಹಳೆಯ ಕೆಲಸದವರು ಅಪ್ಪನನ್ನು ಮನೆಗೆ ಕರೆದುಕೊಂಡು ಹೋದರು. ಮೋಹಿನಿ ಶೆಡ್ಡಿನೊಳಗೆ ಬುಟ್ಟಿ ಜೋಡಿಸುತ್ತಿದ್ದಾಗ ತಗಡಿನ ಮೇಲೆ ಮಳೆ ಶುರುವಾಯಿತು. ಅವನು ಓಡಿ ಬಂದು ಒಳಗೆ ನಿಂತ.

“ಒಂದು ಸಂಶಯ,” ಎಂದ. “ಏಳು ವರ್ಷ ಮಳೆ ಬೀಳದ ಜಾಗದಲ್ಲಿ ನೀರು ಹೋಗಲು ನಿಮ್ಮ ಅಪ್ಪ ತೋಡು ಯಾಕೆ ಮಾಡಿಸಿದರು?”

“ಅದು… ಒಂಟೆಗಳಿಗೆ,” ಎಂದಳು. ಹೇಳುತ್ತಿದ್ದ ಹಾಗೆ ಅವಳಿಗೇ ತಡೆಯಲಾಗಲಿಲ್ಲ, ನಕ್ಕಳು. ಆಮೇಲೆ ನಗು ನಿಂತಿತು. “ಸರ್, ಒಂದು ಕೇಳಬೇಕು. ನನ್ನನ್ನು ನಂಬದಿದ್ದರೆ ಇಲ್ಲಿಗೆ ಯಾಕೆ ಬಂದಿರಿ?”

“ಮೋಹಿನಿ, ನಾನು ಪೆರ್ಲದವ.”

“ಯಾವ ಪೆರ್ಲ?”

“ಬೇರೆ ಯಾವ ಪೆರ್ಲ ಉಂಟು ಮಾರಾಯ್ತಿ? ಇಲ್ಲಿಯದ್ದೇ. ಶಾಲೆಗೆ ಹೋಗುವಾಗ ನನ್ನ ಎಷ್ಟು ಚಪ್ಪಲಿ ಹೊಳೆಗೆ ಹೋಗಿದೆ, ಲೆಕ್ಕ ಇಲ್ಲ. ನನ್ನ ಹತ್ತಿರ ನೀವು ಮೀಂಜದಲ್ಲಿ ಮಳೆ ಇಲ್ಲ ಅಂತ ಹೇಳಿದಿರಿ.”

ಮೋಹಿನಿ ಬುಟ್ಟಿ ಕೈಬಿಟ್ಟಳು. “ನಲವತ್ತು ದಿನ… ಒಂದು ಮಾತು ಹೇಳಲಿಲ್ಲ?”

“ನೀವು ಕೇಳಲಿಲ್ಲ. ನಾನೇ ಹೇಳುವ ಅಂದರೆ, ಮಧ್ಯದಲ್ಲಿ ನುಗ್ಗಲಿಕ್ಕೆ ಜಾಗ ಬೇಕಲ್ಲ?”

ನಿಜ. ಅವಳು ಅವನಿಗೆ ಏನೆಲ್ಲ ಹೇಳಿದ್ದಳು. ಊರು ಯಾವುದೆಂದು ಮಾತ್ರ ಕೇಳಿರಲಿಲ್ಲ.

“ತಮಾಷೆ ನೋಡಲಿಕ್ಕೆ ಅಲ್ಲ,” ಅವನ ದನಿ ಮೆದುವಾಯಿತು. “ಮೊದಲ ದಿನ ಗೋಡೆ ನೋಡಿದಾಗಲೇ ಜಾಗ ಇದೇ ಅಂತ ಗೊತ್ತಾಯಿತು. ಆಮೇಲೆ… ನಾಳೆ ನೀವು ಎಂತ ಹೇಳುತ್ತೀರಿ ಅಂತ ಕೇಳಬೇಕಿತ್ತು. ಪ್ರತಿ ದಿನ. ರಾಜಸ್ಥಾನದಲ್ಲಿ ಅದು ಎಲ್ಲಿ ಸಿಗುತ್ತದೆ?”

“ಆ ಹಾಳೆ?”

“ಮೇಲಿನದ್ದು ನಿರ್ಮಾಪಕರು ಬರೆಸಿದ್ದು. ಅದರ ಹಿಂದೆ ನಾನು ಬರೆದದ್ದನ್ನು ನೀವು ಓದಲಿಲ್ಲ.” ಅವನು ಕಡತ ತೆಗೆದು ಹಾಳೆ ಮಗುಚಿ ಹಿಡಿದ. ಪೆನ್ಸಿಲಿನಲ್ಲಿ, ಸಣ್ಣ ಅಕ್ಷರದಲ್ಲಿ: ‘ಮಳೆ ಬಂದರೆ ಮೋಹಿನಿಯನ್ನು ಕೇಳುವುದು.’

ಅಕ್ಷರಗಳು ಅವಳ ಕಣ್ಣಿನಲ್ಲಿ ಕಲಸಿಹೋದವು.

“ಫೋಟೋದಲ್ಲಿ ನಾಲ್ಕು ತೆಂಗಿನಮರ ಇತ್ತು,” ಎಂದಳು ಇದ್ದಕ್ಕಿದ್ದ ಹಾಗೆ. “ನಾನೇ ಅಳಿಸಿದ್ದು. ಎರಡು ದನವೂ ಇತ್ತು.”

“ಒಂದರ ಬಾಲ ಉಳಿದಿತ್ತು. ನೋಡಿದ್ದೇನೆ.”

“ಮಲಯಾಳದವರು ಯಾರೂ ಕೇಳಿಲ್ಲ.”

“ಹೂಂ.”

“ಒಂಬತ್ತು ದಿನ ಅಲ್ಲ. ಮಧ್ಯಾಹ್ನದ ಊಟದಿಂದ ಸಂಜೆಯ ಚಹಾದವರೆಗೆ. ಅದೂ ಅಮ್ಮನ ಮೇಲೆ ಸಿಟ್ಟು ಮಾಡಿ ಇದೇ ಶೆಡ್ಡಿನ ಹಿಂದೆ ಅಡಗಿದ್ದು.”

“ಆದರೂ ನೆರಳಿನ ಮಾತು ಸಿನಿಮಾದಲ್ಲಿ ಇರುತ್ತದೆ. ಅದಕ್ಕೂ ನಿಮ್ಮ ಹೆಸರು ಹಾಕುತ್ತೇನೆ.” ಅವನು ಒಂದು ಹೆಜ್ಜೆ ಹತ್ತಿರ ಬಂದ. “ಮನೆಯಲ್ಲಿ ನಿಮ್ಮ ವಿಷಯ ಹೇಳಿದ್ದೇನೆ. ಅಮ್ಮನಿಗೆ.”

“ಎಂತ ಹೇಳಿದಿರಿ?”

“ಬರೀ ಸುಳ್ಳು ಹೇಳುತ್ತಾಳೆ ಅಂತ.”

“ಅಯ್ಯೋ ದೇವರೇ… ಅವರೆಂತ ಹೇಳಿದರು?”

“ಒಮ್ಮೆಯಾದರೂ ನಿಜ ಹೇಳುವುದುಂಟಾ ಅಂತ ಕೇಳಿದರು. ಇನ್ನೂ ಗೊತ್ತಾಗಿಲ್ಲ ಅಂದೆ.”

ಹೊರಗೆ ಮರುಭೂಮಿ ಎರಡನೆಯ ಸಲ ಕರಗುತ್ತಿತ್ತು. ಈ ಸಲ ಅದನ್ನು ಯಾರೂ ಉಳಿಸಬೇಕಿರಲಿಲ್ಲ. ನಾಳೆ ತಂಡ ಗಂಟುಮೂಟೆ ಕಟ್ಟುತ್ತದೆ. ಅವನಿಗೂ ಇಲ್ಲಿ ಇನ್ನು ಕೆಲಸವಿಲ್ಲ.

ಮೋಹಿನಿ ಬಾಯಿ ತೆರೆದಳು. ನಾಲಗೆಯ ತುದಿಗೆ ಏಳು ಸಾಗರ, ಹದಿನಾಲ್ಕು ಲೋಕ, ಸಾವಿರ ಜನ್ಮ ಬಂದು ನಿಂತವು. ಎಲ್ಲವನ್ನೂ ನುಂಗಿದಳು.

“ನೀವು ಹೋಗುವುದು ನನಗೆ ಬೇಡ.”

ಅಷ್ಟೇ. ಅದರಲ್ಲಿ ಒಂದು ಅಂಕೆಯೂ ಇರಲಿಲ್ಲ.

ಅವನು ಅವಳ ಕೆಸರುಗೈಯನ್ನು ತನ್ನ ಕೆಸರುಗೈಯಲ್ಲಿ ಹಿಡಿದುಕೊಂಡ. “ಇದರಲ್ಲಿ ಎಷ್ಟು ನಿಜ?”

“ಇದು ಪೂರ್ತಿ ನಿಜ.”

“ಹಾಗಾದರೆ ಅಮ್ಮನಿಗೆ ನೀವೇ ಹೇಳಿ,” ಎಂದ. “ನಾನು ಹೇಳಿದರೆ ಅವರು ನಂಬುವುದಿಲ್ಲ.”